ಏನೂ ಆಗಿಲ್ಲ

ಮಕ್ಕಳು ಆಡುವ ಸುಳ್ಳುಗಳಲ್ಲಿ ತಾಯಂದಿರು ಬಹು ಬೇಗ ಕ್ಷಮಿಸಿಬಿಡುವ ಸುಳ್ಳೊಂದಿದೆ. ‘ಏನೂ ಆಗಿಲ್ಲಮ್ಮ’ ಎಂಬುದೇ ಅದು. ಮಂಡಿ ತರೆದುಕೊಂಡು ಬಂದವನೂ ಇದನ್ನೇ ಹೇಳುತ್ತಾನೆ. ಬೆರಳು ಉಳುಕಿಸಿಕೊಂಡು ಬಂದವನೂ ಇದನ್ನೇ ಹೇಳುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಆ ಮಾತು ನಿಜವೂ ಆಗಿರುತ್ತದೆ. ಹತ್ತನೆಯ ಸಲ ಅದನ್ನು ಯಾರೂ ಸಂಶಯಿಸದಿರುವುದು ಅದರಿಂದಲೇ.

ಹೊಳೆನರಸೀಪುರದ ಒಂದು ಮನೆ. ಶ್ರಾವಣದ ಒಂದು ಸಂಜೆ. ಒಂಬತ್ತನೆಯ ತರಗತಿಯ ಹುಡುಗ ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯ ಗೆದ್ದು ಬಂದಿದ್ದಾನೆ. ಮೈಯೆಲ್ಲ ಕೆಮ್ಮಣ್ಣು. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ನಿವಾಳಿಸಿದರು. ಅಂಗಡಿ ಮುಚ್ಚಿ ಬಂದ ತಂದೆ ಎಂದೂ ಇಲ್ಲದ ಹಾಗೆ ಮಗನ ಬೆನ್ನು ತಟ್ಟಿದರು. ನಾಳಿದ್ದು ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಮನೆಯಲ್ಲಿ ಹಬ್ಬದ ಸಡಗರ.

ಹುಡುಗ ಮಾತ್ರ ದೀಪಕ್ಕೆ ಬೆನ್ನು ಮಾಡಿ ಕುಳಿತಿದ್ದ. ಇಷ್ಟದ ಹುಳಿಯನ್ನೂ ಅರ್ಧಕ್ಕೆ ಬಿಟ್ಟ. “ಹಾಸನಕ್ಕೆ ಎಷ್ಟು ಗಂಟೆಗೆ ಬಸ್ಸಮ್ಮ?” ಎಂದು ಕೇಳಿದ. ಏಳು ಗಂಟೆಗೆಂದು ತಾಯಿ ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಕೈ ತೊಳೆಯುವಾಗ ಮೂರನೆಯ ಸಲ ಅದೇ ಪ್ರಶ್ನೆ.

“ತಲೆಗೇನಾದರೂ ಪೆಟ್ಟು ಬಿತ್ತೇನೋ?”

“ಇಲ್ಲ ಕಣಮ್ಮ, ಏನೂ ಆಗಿಲ್ಲ.”

“ಗಂಡು ಹುಡುಗ, ಬಿದ್ದೂ ಎದ್ದೂ ಬೆಳೀಬೇಕು. ಸುಮ್ಮನೆ ಅವನನ್ನು ಹೆದರಿಸಬೇಡ” ಎಂದರು ತಂದೆ.

ಆ ತಾಯಿಗೆ ವೈದ್ಯಶಾಸ್ತ್ರ ತಿಳಿಯದು. ಆದರೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ತನ್ನ ಮಗನ ಸ್ವಭಾವವಲ್ಲ ಎಂಬುದು ಆಕೆಗೆ ಗೊತ್ತಿತ್ತು. ಗಂಡನೊಡನೆ ವಾದಕ್ಕೆ ನಿಲ್ಲದೆ, ಪಕ್ಕದ ಬೀದಿಯಲ್ಲಿದ್ದ ಪಿ.ಟಿ. ಮೇಷ್ಟರಿಗೆ ಹೇಳಿಕಳಿಸಿದರು.

ಆ ರಾತ್ರಿಯ ಕಥೆ ಹಾಗಿರಲಿ. ಒಂದು ಆಟ ಒಂದು ಮನೆಯನ್ನು ಇಷ್ಟು ತುಂಬಿಕೊಳ್ಳುವುದೇಕೆ ಎಂಬುದನ್ನು ಮೊದಲು ನೋಡಬೇಕು.

ಕಬಡ್ಡಿ ಖರ್ಚಿಲ್ಲದ ಆಟ. ಬ್ಯಾಟು ಬೇಡ, ಚೆಂಡು ಬೇಡ; ನೆಲದ ಮೇಲೆ ನಾಲ್ಕು ಗೆರೆ, ಎದೆಯಲ್ಲಿ ಒಂದಿಷ್ಟು ಉಸಿರು, ಪಕ್ಕಕ್ಕೆ ಏಳು ಮಂದಿ ಇದ್ದರಾಯಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು; ಆ ಮೊದಲ ಚಿನ್ನ ಭಾರತಕ್ಕೇ ಬಂತು. ಹಾಸನ ಜಿಲ್ಲೆಯಲ್ಲಿ ಮಳೆಗಾಲ ಇನ್ನೂ ಮುಗಿಯುವ ಮೊದಲೇ ಶಾಲಾ ಕ್ರೀಡಾಕೂಟಗಳ ಕಾಲ ಬರುತ್ತದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬುತ್ತಿಯ ಗಂಟಿನೊಡನೆ ಬಸ್ಸು ಹತ್ತಿದ ಮಕ್ಕಳು ಹಾಸನದಲ್ಲಿ ಇಳಿಯುತ್ತಾರೆ. ಇದು ಸಾಲದೆಂಬಂತೆ ಗಣೇಶನ ಹಬ್ಬಕ್ಕೆ ಯುವಕ ಸಂಘಗಳವರು ‘ಹೊನಲು ಬೆಳಕಿನ ಕಬಡ್ಡಿ’ ಏರ್ಪಡಿಸುತ್ತಾರೆ. ಪುಸ್ತಕದಲ್ಲಿ ಹಿಂದುಳಿದ ಎಷ್ಟೋ ಹುಡುಗರಿಗೆ ಊರಿನ ಬಾಯಲ್ಲಿ ತಮ್ಮ ಹೆಸರು ಕೇಳಿಬರುವುದು ವರ್ಷಕ್ಕೆ ಈ ಕೆಲವೇ ದಿನ.

ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ಅರಕಲಗೂಡು ಮಲೆನಾಡಿನ ಸೆರಗು. ಜಡಿಮಳೆ ಹಿಡಿದರೆ ಮೈದಾನ ಜಾರುವ ಪಾಚಿಗಟ್ಟೆಯಾಗುತ್ತದೆ. ಕಾಲು ಮುಂದಕ್ಕೆ ಜಾರಿ, ಮೈ ಹಿಂದಕ್ಕೆ ತಿರುಗಿ, ನಡುವೆ ಮಂಡಿ ತಿರುಚಿಕೊಳ್ಳುತ್ತದೆ. ಚನ್ನರಾಯಪಟ್ಟಣ ಬಯಲುಸೀಮೆಯ ಕಡೆ. ಅಲ್ಲಿ ಮಳೆ ಕಡಮೆ, ನೆಲ ಗಟ್ಟಿ, ನಡುನಡುವೆ ನೊರಜುಗಲ್ಲು. ಅಲ್ಲಿ ಬಿದ್ದವನಿಗೆ ಮೊಣಕೈ ಚರ್ಮ ಕಿತ್ತುಬರುತ್ತದೆ. ತಲೆ ನೆಲಕ್ಕೆ ಬಡಿದರೆ ನೆಲ ತಗ್ಗುವುದಿಲ್ಲ. ಅಂಕಣದ ನೆಲ ಸಮತಟ್ಟಾಗಿಯೂ ಮೆತ್ತಗೂ ಇರಬೇಕೆಂಬುದು ಆಟದ ನಿಯಮ. ಆ ನಿಯಮ ಹುಟ್ಟಿದ್ದು ಅಂದಕ್ಕಾಗಿ ಅಲ್ಲ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಆಟ ಟೆಲಿವಿಷನ್ನಿನಲ್ಲಿ ಮನೆಮನೆಗೂ ಬಂತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರಶಸ್ತಿ ಗೆದ್ದಾಗ ನಮ್ಮ ಮಕ್ಕಳ ಹಿಗ್ಗಿಗೆ ಮೇರೆಯಿರಲಿಲ್ಲ. ಹಿಗ್ಗಬೇಕಾದದ್ದೇ. ಆದರೆ ಪರದೆಯ ಮೇಲಿನ ಆಟಗಾರ ಚಾಪೆಯ ಮೇಲೆ ಹಾರುತ್ತಾನೆ. ಅವನ ಮಂಡಿಗೆ ಕವಚವಿದೆ, ಕಾಲಿಗೆ ತಕ್ಕ ಬೂಟು ಇದೆ, ಗೆರೆಯಾಚೆ ಅಂಗಮರ್ದನ ಚಿಕಿತ್ಸೆ ಬಲ್ಲವರು ಕುಳಿತಿರುತ್ತಾರೆ. ಆ ಒಂದು ನೆಗೆತದ ಹಿಂದೆ ವರ್ಷಗಳ ಸಾಧನೆಯಿದೆ. ಮರುದಿನ ಅದೇ ನೆಗೆತವನ್ನು ಬರಿಗಾಲಿನ ಹುಡುಗ ನೊರಜುಗಲ್ಲಿನ ಮೇಲೆ ಮಾಡಿನೋಡುತ್ತಾನೆ. ನೋಡಿ ಕಲಿತದ್ದು ನೆಗೆತ ಮಾತ್ರ. ಬೀಳುವ ಬಗೆಯನ್ನು ಯಾರೂ ಕಲಿಸಲಿಲ್ಲ.

ಬೀಳುವುದೂ ಒಂದು ವಿದ್ಯೆ. ಗದ್ದವನ್ನು ಎದೆಗೆ ಸೇರಿಸಿಕೊಂಡು, ಅಂಗೈಯನ್ನು ನೇರವಾಗಿ ಊರದೆ, ಭುಜದ ಮೇಲೆ ಉರುಳುವುದು ಅಭ್ಯಾಸದಿಂದ ಬರುತ್ತದೆ. ಹಿಡಿಯುವುದೂ ಹಾಗೆಯೇ. ತಲೆ ತಗ್ಗಿಸಿ ಗೂಳಿಯಂತೆ ನುಗ್ಗುವವನು ಎದುರಾಳಿಯ ಮೊಣಕಾಲಿಗೆ ತನ್ನ ನೆತ್ತಿಯನ್ನೇ ಒಡ್ಡುತ್ತಾನೆ. ತಲೆ ಎತ್ತಿ, ಎದುರು ನೋಡುತ್ತ, ಹೆಗಲನ್ನು ಮುಂದೆ ಮಾಡಿ ಹಿಡಿಯಬೇಕು. ಆಟದ ನಿಯಮಾವಳಿಯೂ ಈ ದಾರಿಯಲ್ಲೇ ಇದೆ. ಎದುರಾಳಿಯ ಬಾಯಿ ಮುಚ್ಚುವುದು, ಕುತ್ತಿಗೆ ಹಿಸುಕುವುದು, ಕಾಲುಗಳನ್ನು ಕತ್ತರಿಯಂತೆ ಹೆಣೆದು ಕೆಡಹುವುದು ಇವೆಲ್ಲ ತಪ್ಪು. ಉಗುರು ಒಟ್ಟ ಕತ್ತರಿಸಿರಬೇಕು. ಉಂಗುರ, ಸರ, ಬಳೆ ಇರಕೂಡದು. ಓದಿದರೆ ಸಣ್ಣ ಮಾತುಗಳು. ಕಣ್ಣಿಗೆ ಉಗುರು ತಾಕಿದವನನ್ನು ಕೇಳಿದರೆ ಸಣ್ಣವೆನಿಸುವುದಿಲ್ಲ.

ಆದರೆ ಎಲ್ಲ ಪೆಟ್ಟುಗಳೂ ಕಣ್ಣಿಗೆ ಕಾಣುವುದಿಲ್ಲ. ಮುರಿದ ಕೈ ಊದಿಕೊಂಡು ತಾನೇ ದೂರು ಹೇಳುತ್ತದೆ. ಮಿದುಳಿಗೆ ಬಿದ್ದ ಪೆಟ್ಟು ಹಾಗಲ್ಲ. ಚನ್ನರಾಯಪಟ್ಟಣದ ತೋಟದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ, ಚಿಪ್ಪು ಒಡೆಯದಿದ್ದರೂ ಒಳಗೆ ನೀರು ತುಳುಕುವುದು ಕೇಳಿಸುತ್ತದೆ. ತಲೆಬುರುಡೆಗೆ ಗಾಯವಾಗದೆ ಒಳಗೆ ಮಿದುಳು ಅಲುಗುವುದೂ ಹೀಗೆಯೇ. ಇದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಎಚ್ಚರ ತಪ್ಪಲೇಬೇಕೆಂದಿಲ್ಲ; ಬಹುಮಂದಿಗೆ ಎಚ್ಚರ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಕಂಡರೆ ಆಗದಿರುವುದು, ಆಡಿದ ಮಾತನ್ನೇ ಆಡುವುದು, ಕಾರಣವಿಲ್ಲದ ಸಿಡುಕು ಇವು ಅದರ ಗುರುತುಗಳು. ಕೆಲವು ಕೂಡಲೇ ಕಾಣುತ್ತವೆ, ಕೆಲವು ಗಂಟೆಗಳ ಮೇಲೆ. ವಿಶ್ರಾಂತಿ ಸಿಕ್ಕರೆ ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಪೂರ್ತಿ ಗುಣಹೊಂದುತ್ತಾರೆ. ಗುಣವಾಗುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಮಾತ್ರ, ಅಪರೂಪಕ್ಕೊಮ್ಮೆ, ಮಿದುಳು ಬಾತು ಪ್ರಾಣಕ್ಕೇ ಕುತ್ತಾಗಬಹುದು. ಎಳೆಯರಿಗೆ ಈ ಭಯ ಹೆಚ್ಚು.

ಇದನ್ನು ಲೋಕ ಕಲಿತದ್ದು ಬಹು ದುಬಾರಿಯ ಬೆಲೆ ತೆತ್ತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೊಂದಿದೆ. ಹೆಸರಿಗೆ ಕಾಲ್ಚೆಂಡು, ಆಡುವುದೆಲ್ಲ ಕೈಯಲ್ಲಿ. ಚೆಂಡನ್ನು ಅವುಚಿಕೊಂಡು ಓಡುವವನನ್ನು ಎದುರಿನವರು ಅಡ್ಡಗಟ್ಟಿ, ಹಿಡಿದು, ನೆಲಕ್ಕೆ ಕೆಡಹುತ್ತಾರೆ. ನಮ್ಮವರು ನೋಡಿದರೆ ಅದು ಕಬಡ್ಡಿಯ ದೂರದ ನಂಟನೆಂದೇ ಭಾವಿಸಿಯಾರು. 1905ರ ಒಂದೇ ವರ್ಷದಲ್ಲಿ ಆ ಆಟದಲ್ಲಿ ಸುಮಾರು 18 ಮಂದಿ ತರುಣರು ಸತ್ತರೆಂದು ಅಲ್ಲಿನ ಪತ್ರಿಕೆಗಳು ಲೆಕ್ಕ ಕೊಟ್ಟುವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮಗನೂ ಹಾರ್ವರ್ಡಿನಲ್ಲಿ ಅದೇ ಆಟ ಆಡುತ್ತಿದ್ದ. ಅಧ್ಯಕ್ಷರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರಮುಖರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ಆಟದ ನಿಯಮಗಳು ಬದಲಾದುವು. ಒಬ್ಬರ ಮೇಲೊಬ್ಬರು ಗುಂಪಾಗಿ ಬೀಳುವುದು ತಗ್ಗಲೆಂದು ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಬಂತು.

ಮುಂದೆ ಗಟ್ಟಿಯಾದ ಹೆಲ್ಮೆಟ್ಟುಗಳು ಬಂದುವು. ತಲೆಗೆ ರಕ್ಷಣೆಯಿದೆಯೆಂಬ ಧೈರ್ಯದಿಂದ ಆಟಗಾರರು ತಲೆಯಿಂದಲೇ ಹಾಯತೊಡಗಿದರು. ಕತ್ತಿನ ಮೂಳೆ ಮುರಿದು ಹಾಸಿಗೆ ಹಿಡಿದವರ ಸಂಖ್ಯೆ ಏರಿತು. 1976ರಲ್ಲಿ ತಲೆಯಿಂದ ಹಾಯುವುದನ್ನು ನಿಯಮವೇ ನಿಷೇಧಿಸಿದ ಮೇಲೆ ಅಂಥ ಅನಾಹುತಗಳು ಬಹಳ ಮಟ್ಟಿಗೆ ಇಳಿದುವು. ಉಪಕರಣ ಮಾಡಲಾರದ್ದನ್ನು ಒಂದು ನಿಯಮ ಮಾಡಿತು.

ಆದರೂ ಇನ್ನೊಂದು ಪಾಠ ಉಳಿದಿತ್ತು. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಬಾಲಕನೊಬ್ಬನಿಗೆ ಆಟದ ನಡುವೆ ತಲೆಗೆ ಪೆಟ್ಟು ಬಿತ್ತು. ಸ್ವಲ್ಪ ಹೊತ್ತು ಕುಳಿತಿದ್ದು ಮತ್ತೆ ಆಡಲು ಹೋದ. ಆಟ ಮುಗಿಯುವಾಗ ಕುಸಿದುಬಿದ್ದ. ಜೀವ ಉಳಿಯಿತು, ಮಾತು, ನಡೆ ಮರಳಿ ಬರಲು ವರ್ಷಗಳೇ ಬೇಕಾದುವು. ಅವನ ಹೆತ್ತವರೂ ವೈದ್ಯರೂ ಬಿಡದೆ ದುಡಿದ ಫಲವಾಗಿ 2009ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಅಂಥ ಕಾನೂನು ಬಂದಿತ್ತು. ಆ ಮೊದಲ ಕಾನೂನಿನ ಸಾರ ಮೂರು ಮಾತು. ತಲೆಪೆಟ್ಟಿನ ವಿಷಯವನ್ನು ಮಕ್ಕಳಿಗೂ ಹೆತ್ತವರಿಗೂ ಮೊದಲೇ ತಿಳಿಸಬೇಕು. ಸಂಶಯ ಬಂದೊಡನೆ ಆಟಗಾರನನ್ನು ಹೊರಗೆ ಕೂರಿಸಬೇಕು. ಬಲ್ಲ ವೈದ್ಯರು ಬರೆದುಕೊಡುವವರೆಗೆ ಒಳಗೆ ಬಿಡಕೂಡದು. ಇದನ್ನು ಪಾಲಿಸಲು ಅಮೆರಿಕದ ಕಾನೂನೇ ಬೇಕೆಂದೇನೂ ಇಲ್ಲ. ಇವನ್ನು ಅರಕಲಗೂಡಿನ ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಬಹುದು.

ದೂರದ ಮಾತೆನಿಸಿದರೆ ಹತ್ತಿರದ್ದೂ ಇದೆ. 2022ರ ಜುಲೈಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಪಣ್ರುಟ್ಟಿಯ ಬಳಿ ಕಬಡ್ಡಿ ಆಡುತ್ತಿದ್ದ ತರುಣನೊಬ್ಬ ಹಿಡಿತದಿಂದ ಬಿಡಿಸಿಕೊಳ್ಳುವಾಗ ಬಿದ್ದು, ಏಳಲು ಹೋಗಿ ಮತ್ತೆ ಕುಸಿದು, ಅಂಕಣದಲ್ಲೇ ಪ್ರಾಣ ಬಿಟ್ಟ. ಅದನ್ನು ನೋಡಲು ಬಂದಿದ್ದವರ ಕಣ್ಣೆದುರೇ ಅದು ನಡೆಯಿತು.

ಇಷ್ಟೆಲ್ಲ ತಿಳಿದ ಮೇಲೂ ಹುಡುಗ ‘ಏನೂ ಆಗಿಲ್ಲ’ ಎನ್ನುವುದೇಕೆ? ಅವನು ಮೂರ್ಖನಲ್ಲ. ನಿಜ ಹೇಳಿದರೆ ನಾಳಿದ್ದಿನ ಬಸ್ಸಿನಲ್ಲಿ ತನ್ನ ಜಾಗ ಇನ್ನೊಬ್ಬನದಾಗುತ್ತದೆ. ಗೆಳೆಯರು ಹೇಡಿಯೆನ್ನುತ್ತಾರೆ. ‘ಸಾಕು ಈ ಆಟ, ಪುಸ್ತಕ ಹಿಡಿ’ ಎಂದು ಮನೆಯಲ್ಲಿ ಶಾಶ್ವತವಾಗಿ ಕಟ್ಟಿಹಾಕುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಈ ಕೊನೆಯ ಭಯ ಇಮ್ಮಡಿ. ಹತ್ತು ಜನರನ್ನು ಒಪ್ಪಿಸಿ ಆಡಲು ಬಂದ ಹುಡುಗಿ ಒಂದು ಉಳುಕನ್ನು ಹೇಳಿಕೊಂಡರೆ ಅದೇ ನೆವವಾಗುತ್ತದೆ. ನೋವು ಹೇಳಿಕೊಂಡವರಿಗೆ ಶಿಕ್ಷೆ ಕಾದಿರುವ ಮನೆಯಲ್ಲಿ ಮಕ್ಕಳು ನೋವನ್ನು ಹೇಳುವುದಿಲ್ಲ. ಆದುದರಿಂದ ಗಾಯ ತಡೆಯುವ ಮೊದಲ ಸಾಧನ ಔಷಧದ ಪೆಟ್ಟಿಗೆಯಲ್ಲಿಲ್ಲ, ಹೆತ್ತವರ ನಾಲಿಗೆಯಲ್ಲಿದೆ. ‘ಹೇಳಿದ್ದು ಒಳ್ಳೆಯದಾಯಿತು, ವಾಸಿಯಾದ ಮೇಲೆ ಮತ್ತೆ ಆಡುವೆಯಂತೆ’ ಎಂಬ ಒಂದು ಮಾತು ಮಕ್ಕಳ ಬಾಯಿಯನ್ನು ತೆರೆಸುತ್ತದೆ.

ಪೆಟ್ಟಾದ ಮೇಲಿನ ನಮ್ಮ ರೂಢಿಗಳಲ್ಲೂ ತಿದ್ದಿಕೊಳ್ಳಬೇಕಾದದ್ದಿದೆ. ಕಾಲು ಉಳುಕಿದೊಡನೆ ಎಣ್ಣೆ ಹಚ್ಚಿ ನೀವುವುದು, ಸಂದು ತಪ್ಪಿದ್ದನ್ನು ಇಬ್ಬರು ಹಿಡಿದು ಎಳೆಯುವುದು, ಬಿಗಿಯಾಗಿ ಕಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿ. ಹಿರಿಯರ ಪ್ರೀತಿಯಲ್ಲಿ ಕುಂದಿಲ್ಲ. ಆದರೆ ಹೊಸ ಪೆಟ್ಟನ್ನು ನೀವಿದರೆ ಒಳಗಿನ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಕಟ್ಟು ಅತಿ ಬಿಗಿಯಾದರೆ ರಕ್ತದ ಓಟ ನಿಂತು ಕೈ ಕಾಲನ್ನೇ ಕಳೆದುಕೊಂಡವರುಂಟು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವೊಂದಿರುತ್ತದೆ. ಅದಕ್ಕೆ ಏಟು ಬಿದ್ದುದನ್ನು ಬರಿಯ ಉಳುಕೆಂದು ಬಿಟ್ಟರೆ ಮೂಳೆ ಸೊಟ್ಟಗೆ ಬೆಳೆದೀತು. ಮೊದಲು ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಟ್ಟು, ಹದವಾಗಿ ಬಟ್ಟೆ ಸುತ್ತಿ, ಪೆಟ್ಟಾದ ಭಾಗವನ್ನು ಎತ್ತರದಲ್ಲಿಡುವುದು ಸರಿ. ಭಾರ ಹಾಕಲಾಗದಿದ್ದರೆ ಎಕ್ಸರೇ ಆಗಲೇಬೇಕು.

ಬಿದ್ದವನು ಕತ್ತು ನೋವೆಂದರೆ, ಕೈಕಾಲು ಜುಮ್ಮೆಂದರೆ, ಅವನನ್ನು ಅಲ್ಲಿಂದ ಎತ್ತಲೇ ಕೂಡದು. ನಾಲ್ಕು ಮಂದಿ ಅಕ್ಕರೆಯಿಂದ ಹೊತ್ತು ತರುವ ಆ ಹತ್ತು ಹೆಜ್ಜೆಯಲ್ಲೇ ಕೇಡಾಗುವುದುಂಟು. ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಬೇಕು. 2008ರಿಂದ ನಮ್ಮ ರಾಜ್ಯದಲ್ಲಿ ಈ ಆಂಬುಲೆನ್ಸ್ ಸೇವೆಯಿದೆ. ತಲೆಗೆ ಪೆಟ್ಟು ಬಿದ್ದವನಿಗೆ ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತ ಹೋದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದಂತೆ ಮಂಪರು ಕವಿದರೆ ಬೆಳಗಾಗಲೆಂದು ಕಾಯಬಾರದು. ಈ ಮೂರು ತಾಲ್ಲೂಕು ಕೇಂದ್ರಗಳಿಂದಲೂ ಹಾಸನ ಸುಮಾರು 30ರಿಂದ 40 ಕಿಲೋಮೀಟರ್. ಅಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೇ ಇದೆ. ದಾರಿ ಹತ್ತಿರ, ಹೊರಡುವುದು ತಡವಾಗಬಾರದು, ಅಷ್ಟೆ.

ಇನ್ನು ಪೆಟ್ಟೇ ಬೀಳದಂತೆ ಮಾಡುವ ಉಪಾಯಗಳಲ್ಲಿ ಅತಿ ಅಗ್ಗವಾದುದು ಆಟಕ್ಕೆ ಮೊದಲಿನ 20 ನಿಮಿಷ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರಿಗೆ ಓಟ, ಬಲ, ಸಮತೋಲ, ನೆಗೆದು ಸರಿಯಾಗಿ ಇಳಿಯುವಿಕೆ ಇವುಗಳ ಕ್ರಮಬದ್ಧ ವ್ಯಾಯಾಮವನ್ನು ಪ್ರತಿ ಅಭ್ಯಾಸಕ್ಕೂ ಮೊದಲು ಮಾಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾದುದು ಕಂಡುಬಂತು. ಕಾಸಿನ ಖರ್ಚಿಲ್ಲ. ಅಭ್ಯಾಸದ ಹಿಂದಿನ ದಿನ ಅಂಕಣದ ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಜರಡಿ ಹಿಡಿದ ಮಣ್ಣು ಹರಡುವುದಕ್ಕೂ ಬೇಕಾದುದು ಮೈ ಬೆವರು ಮಾತ್ರ. ವಯಸ್ಸು, ತೂಕಗಳ ಮಿತಿಯನ್ನು ಕಿರಿಯರ ವಿಭಾಗಗಳಲ್ಲಿ ಇಟ್ಟಿರುವುದು ಬಲಿತವನೊಬ್ಬ ಎಳೆಯನ ಮೇಲೆ ಬೀಳಬಾರದೆಂದು. ಕಪ್ಪಿನ ಆಸೆಗೆ ವಯಸ್ಸು ಮುಚ್ಚಿಡುವವರೂ, ತೂಕ ಇಳಿಸಲೆಂದು ಹುಡುಗನಿಗೆ ಊಟ ನೀರು ಬಿಡಿಸುವವರೂ ಆ ಬೇಲಿಯನ್ನು ಕೀಳುತ್ತಿದ್ದಾರೆ. ಮಣ್ಣಿನಲ್ಲಿ ಆಡುವ ಮಕ್ಕಳಿಗೆ 10 ಮತ್ತು 16 ವರ್ಷಕ್ಕೆ ಸರ್ಕಾರ ಉಚಿತವಾಗಿ ಹಾಕಿಸುವ ಧನುರ್ವಾಯು ಲಸಿಕೆ ಆಗಿದೆಯೆ ಎಂದು ಮನೆಯವರು ನೋಡಿಕೊಳ್ಳಬೇಕು.

ಈಗ ಹೊಳೆನರಸೀಪುರದ ಆ ಮನೆಗೆ ಮರಳಬಹುದು. ಮೇಷ್ಟರು ಬಂದರು. ಹುಡುಗನನ್ನು ಎದುರಿಗೆ ಕೂರಿಸಿಕೊಂಡು, “ಇವತ್ತು ಕೊನೆಯ ಅಂಕ ಯಾರು ತಂದರೋ?” ಎಂದು ಕೇಳಿದರು. ಹುಡುಗ ಬಹಳ ಹೊತ್ತು ಯೋಚಿಸಿದ. ಕೊನೆಯ ಅಂಕ ತಂದವನು ಅವನೇ. ಅದು ಅವನಿಗೆ ನೆನಪಿರಲಿಲ್ಲ.

ತಂದೆ ಮರುಮಾತಾಡದೆ ಚಪ್ಪಲಿ ಮೆಟ್ಟಿದರು. ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ಕೆಲವು ಗಂಟೆ ಇರಿಸಿಕೊಂಡು, ಭಯವಿಲ್ಲವೆಂದು ಕಳಿಸಿದರು; ಆಡುವ ಮಾತು ಮಾತ್ರ ಕೂಡದೆಂದರು. ಎರಡು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ನಡಿಗೆ, ಮೊದಲು ಪಾಠ, ಕಟ್ಟಕಡೆಗೆ ಆಟ.

ಹಾಸನದಲ್ಲಿ ಅವನಿಲ್ಲದ ತಂಡ ಎರಡೇ ಅಂಕಗಳಿಂದ ಸೋತಿತು. ಗಟ್ಟಿಮುಟ್ಟಾಗಿ ಓಡಾಡುವ ಹುಡುಗನನ್ನು ಮನೆಯಲ್ಲಿ ಕೂರಿಸಿ ಕಪ್ಪು ಕಳೆದರೆಂದು ಊರವರು ಮೇಷ್ಟರನ್ನು ಆಡಿಕೊಂಡರು. ಹುಡುಗನೂ ಅವರೊಡನೆ ಹದಿನೈದು ದಿನ ಮಾತು ಬಿಟ್ಟಿದ್ದ. ಆಡಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಇದೇ ಮುನ್ನೆಚ್ಚರಿಕೆಯ ಪಾಡು. ಸೋತ ಪಂದ್ಯಕ್ಕೆ ಊರೆಲ್ಲ ಸಾಕ್ಷಿ. ತಪ್ಪಿಹೋದ ಅಪಾಯಕ್ಕೆ ಸಾಕ್ಷಿಯೇ ಇಲ್ಲ. ಮೇಷ್ಟರು ಯಾರಿಗೂ ಉತ್ತರ ಕೊಡಲಿಲ್ಲ. ಎಂದಿನಂತೆ ಸಂಜೆ ಸೀಟಿ ಹಿಡಿದು ಮೈದಾನಕ್ಕೆ ಹೋದರು.

ಮರುವರ್ಷ ಆ ಹುಡುಗನೇ ತಂಡದ ನಾಯಕ. ಒಂದು ಸಂಜೆ ಅಭ್ಯಾಸದಲ್ಲಿ ಎಂಟನೆಯ ತರಗತಿಯ ಪುಟ್ಟನೊಬ್ಬ ಜಾರಿಬಿದ್ದು ತಲೆ ಹಿಡಿದುಕೊಂಡ. ಎಲ್ಲರೂ ಸುತ್ತುಗಟ್ಟಿದರು. ಪುಟ್ಟ ಮೈ ಕೊಡವಿಕೊಂಡು ನಗುತ್ತ ಎದ್ದ. “ಏನೂ ಆಗಿಲ್ಲಣ್ಣ” ಎಂದ.

ನಾಯಕ ಅವನ ಭುಜದ ಮೇಲೆ ಕೈಯಿಟ್ಟ.

“ಸರಿ. ಕೊನೆಯ ಅಂಕ ಯಾರು ತಂದರು, ಹೇಳು?”

ಪುಟ್ಟ ಯೋಚಿಸತೊಡಗಿದ. ಅವನು ಇನ್ನೂ ಯೋಚಿಸುತ್ತಿರುವಾಗಲೇ ನಾಯಕ ಮೇಷ್ಟರ ಕಡೆ ತಿರುಗಿ ಕೈ ಎತ್ತಿದ.